ಉತ್ತರ ಬರೆಯದ ಅಕ್ಕ

ಹುಣಸಿಗಟ್ಟಿಯಲ್ಲಿ ಶಿವಗಂಗವ್ವನನ್ನು ಕೆಟ್ಟವಳೆಂದು ಯಾರೂ ಅನ್ನುತ್ತಿರಲಿಲ್ಲ. ಹೆರಿಗೆಯಾದ ಮನೆಗೆ ಮೊದಲು ಓಡಿ ಹೋಗಿ ನೀರು ಕಾಯಿಸುವವಳು ಅವಳು. ಬೀಸುವಾಗ ಹಾಡಿಗೆ ದನಿ ಎತ್ತಿಕೊಡುವವಳು ಅವಳು. ಹತ್ತರಗಿಯಿಂದ ಎರಡು ಮೈಲಿ ಒಳಗಿದ್ದ ಆ ಸಣ್ಣ ಊರಿನಲ್ಲಿ ಅಕ್ಷರ ಬಲ್ಲ ಮೂವರು ಹೆಂಗಸರಲ್ಲಿ ಒಬ್ಬಳು. ಯಾರಾದರೂ ಎದುರಿಗೇ ಹೊಗಳಿದರೆ ಆಕೆ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು. ವಿನಯವಲ್ಲ ಎಂಬುದು ಗೊತ್ತಿದ್ದದ್ದು ಅವಳಿಗೆ, ಅವಳನ್ನು ಬಿಟ್ಟರೆ ಮೂರು ಮನೆ ಆಚೆಯ ದುಂಡವ್ವನಿಗೆ.

ಶಿವಗಂಗವ್ವನ ತವರು ಕೌಜಲಗಿ. ಅಪ್ಪ ಯಲ್ಲಪ್ಪನಿಗೆ ಎಂಟು ಎಕರೆ ಎರಿಹೊಲ. ಹತ್ತಿ, ಜೋಳ ಬೆಳೆಯುತ್ತಿದ್ದ. ತಾಯಿ ಜ್ವರದಲ್ಲಿ ತೀರಿಕೊಂಡಾಗ ಶಿವಗಂಗವ್ವನಿಗೆ ಹನ್ನೆರಡು ವರ್ಷ, ತಮ್ಮ ಶಿದ್ರಾಮನಿಗೆ ನಾಲ್ಕು. ಅವನಿಗೆ ಉಣ್ಣಿಸಿದ್ದು, ತಲೆಗೆ ಎಣ್ಣೆ ಹಚ್ಚಿದ್ದು, ಮರಳಿನ ಮೇಲೆ ಬೆರಳು ಹಿಡಿದು ಅ ಆ ತಿದ್ದಿಸಿದ್ದು ಎಲ್ಲ ಅವಳೇ. ಹದಿನಾರಕ್ಕೆ ಮದುವೆಯಾಗಿ ಹುಣಸಿಗಟ್ಟಿಗೆ ಬಂದಳು. ಗಂಡ ಮುರಿಗೆಪ್ಪ ಏಳನೆಯ ಇಯತ್ತೆ ಪಾಸಾಗಿದ್ದ ರೈತ. ಖಾದಿ ಉಡುತ್ತಿದ್ದ, ತಾನೇ ನೂಲುತ್ತಿದ್ದ, ಮಾತು ಕಡಿಮೆ. ಅತ್ತೆ ಕಾಶೆವ್ವನದು ಮಾತು ಜಾಸ್ತಿ. ಮಗಳು ಬಾಳವ್ವ ಹುಟ್ಟಿದಳು. ಬದುಕು ತಕರಾರಿಲ್ಲದೆ ನಡೆದಿತ್ತು.

ಶಿದ್ರಾಮ ಗೋಕಾಕದ ಹೈಸ್ಕೂಲು ಸೇರಿ ಬೋರ್ಡಿಂಗಿನಲ್ಲಿದ್ದ. ಯಾವ ಸಾಹುಕಾರನ ಮನೆಯಲ್ಲಿ ರೇಡಿಯೋ ಇದೆಯೋ ಆ ಮನೆಯ ಕಿಟಕಿಯ ಕೆಳಗೆ ನಿಂತಿರುತ್ತಿದ್ದ. ಹಾಡು ಕೇಳಲು ಅಲ್ಲ, ಪೆಟ್ಟಿಗೆಯೊಳಗೆ ದನಿ ಹೇಗೆ ಬಂತು ಎಂದು ಯೋಚಿಸಲು. ಅಲ್ಲಿನ ಜಲಪಾತದ ತೂಗುಸೇತುವೆಯ ಮೇಲೆ ಹಗ್ಗ ಹಿಡಿಯದೆ ನಡೆದು ತೋರಿಸಿ ಒಮ್ಮೆ ಅಕ್ಕನ ಕೈಯಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದ. ಶನಿವಾರ ಬಂತೆಂದರೆ ಹತ್ತರಗಿಯ ತನಕ ಬಸ್ಸು, ಅಲ್ಲಿಂದ ನಡಿಗೆ. ಅಕ್ಕ ಬಡಿದ ಸಜ್ಜಿ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ, ಮೇಲೆ ಬೆಣ್ಣೆ ಇದ್ದರೆ ಅವನಿಗೆ ಇನ್ನೇನೂ ಬೇಡ. ಮ್ಯಾಟ್ರಿಕ್ ಆದ ಮೇಲೆ ಒಂದು ದಿನ ಊಟದ ನಡುವೆಯೇ ಹೇಳಿದ.

"ಅಕ್ಕಾ, ವಿಮಾನದಳಕ್ಕ ಹೆಸರ ಕೊಟ್ಟೇನಿ. ವಾಯರ್‌ಲೆಸ್ ಕಲಸ್ತಾರಂತ."

ಮುರಿಗೆಪ್ಪ ತುತ್ತು ಇಳಿಸಿ ನೋಡಿದ. "ಅವರ ಯುದ್ಧಕ್ಕ ನೀ ಯಾಕ ಹೋಗ್ತಿ?"

"ಯುದ್ಧಕ್ಕಲ್ಲ ಮಾವಾ. ಕಲಿಯಾಕ. ಅದನ್ನ ಬ್ಯಾರೆ ಯಾರು ನನಗ ಕಲಸ್ತಾರ?"

ಆವತ್ತು ಭಾವ, ಭಾವಮೈದ ಇಬ್ಬರೂ ಸಂಜೆಯವರೆಗೆ ವಾದ ಮಾಡಿದರು. ಜಗಳವಾಗಲಿಲ್ಲ. ಹೋಗುವಾಗ ಮುರಿಗೆಪ್ಪನೇ ಹತ್ತರಗಿಯ ತನಕ ಚಕ್ಕಡಿ ಹೂಡಿಕೊಂಡು ಬಿಟ್ಟುಬಂದ.

ಮರುವರ್ಷ, ಅಂದರೆ ನಲವತ್ತೆರಡರ ಆಗಸ್ಟಿನಲ್ಲಿ, ಚಳವಳಿ ಹೊತ್ತಿಕೊಂಡಿತು. ಪುಣೆ ರಸ್ತೆಯ ತಂತಿಗಳು ಕಡಿದು ಬಿದ್ದವು, ಚಾವಡಿಯ ಕಾಗದಗಳು ಸುಟ್ಟವು. ಮುರಿಗೆಪ್ಪ ತನ್ನ ಇಬ್ಬರು ಗೆಳೆಯರಾದ ಗುಡ್ಡಪ್ಪ, ರಾಜಪ್ಪರ ಜೊತೆ ಮನೆ ಬಿಟ್ಟ. ಮೊದಲು ಕಬ್ಬಿನ ಗದ್ದೆ, ಆಮೇಲೆ ಹೊಳೆಯ ಸಾಲಿನ ಹಾಳು ಗುಡಿಸಲು. ದೀಪಾವಳಿಯ ಹೊತ್ತಿಗೆ ಮೂವರಿಗೂ ಚಳಿಜ್ವರ ಹತ್ತಿ ಹುಣಸಿಗಟ್ಟಿಯ ಮನೆಯ ಅಟ್ಟಕ್ಕೇ ಬಂದು ಸೇರಿದರು. ಪೊಲೀಸರು ಆ ಮನೆಯನ್ನು ಎರಡು ಸಲ ಜಾಲಾಡಿ ಹೋಗಿದ್ದರಿಂದ ಮೂರನೆಯ ಸಲ ಬರಲಾರರೆಂಬ ಲೆಕ್ಕ. ಶಿವಗಂಗವ್ವ ಮೂವರಿಗೂ ಕಷಾಯ ಕಾಯಿಸಿ, ರೊಟ್ಟಿ ಬಡಿದು, ಮೇವಿನ ಪೆಂಡಿಗಳ ನಡುವೆ ಏಣಿ ಹತ್ತಿ ಕೊಟ್ಟುಬರುತ್ತಿದ್ದಳು. ಎಂಟು ದಿನ ಹಾಗೆ ಕಳೆಯಿತು.

ಒಂಬತ್ತನೆಯ ದಿನ, ಸೋಮವಾರ ಬೆಳಿಗ್ಗೆ, ಬಾವಿಯ ಮೇಲೆ ದುಂಡವ್ವ ಸಿಕ್ಕಳು. ಅವಳ ಮಗ ಹನಮಂತ ಆ ವರ್ಷವೇ ಪೊಲೀಸ್ ಸೇರಿದ್ದ. ದುಂಡವ್ವ ಕೆಟ್ಟ ಹೆಂಗಸಲ್ಲ; ಮಗನ ಹೊಸ ಟೋಪಿಯ ಸೊಕ್ಕು ಒಂದಿಷ್ಟು ತಲೆಗೆ ಏರಿತ್ತು, ಅಷ್ಟೆ. ಹಗ್ಗ ಜಗ್ಗುತ್ತ ನಾಲ್ಕು ಹೆಂಗಸರ ಮುಂದೆ ಅಂದಳು:

"ಊರ ಉದ್ಧಾರ ಮಾಡತೇನಂತ ಹೋದಂವ ಮುಂಬಯಿದಾಗ ಚೈನಿ ಹೊಡ್ಯಾಕತ್ತಿರಬೇಕು ಬಿಡವ್ವಾ. ಹೇಂತಿ ಇಲ್ಲಿ ನೀರ ಸೇದಿ ಸೇದಿ ಸಾಯಾಕತ್ತಾಳು."

ಉಳಿದವರು ನಕ್ಕು ಕೊಡ ಎತ್ತಿಕೊಂಡು ಮುಂದೆ ಹೋದರು. ಶಿವಗಂಗವ್ವನ ಮೈ ಉರಿಯಿತು. ಎಂಟು ದಿನದ ನಿದ್ದೆಗೆಟ್ಟ ಕಣ್ಣು, ಹೊಗೆ ತಿಂದ ಎದೆ. ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ತಿರುಗಿ ನಿಂತಳು.

"ನನ್ನ ಗಂಡ ಎಲ್ಲೂ ಓಡಿ ಹೋಗಿಲ್ಲ. ದಿನಾ ನನ್ನ ಕೈಯಾಗಿನ ಬಿಸಿ ರೊಟ್ಟಿ ಉಂತಾನು, ತಿಳೀತಿಲ್ಲೋ?"

ಆಡಿ ಹತ್ತು ಹೆಜ್ಜೆ ನಡೆಯುವುದರೊಳಗೆ ತಾನು ಆಡಿದ್ದೇನೆಂದು ಅವಳಿಗೆ ತಿಳಿಯಿತು. ತಿರುಗಿ ನೋಡಲಿಲ್ಲ. ದುಂಡವ್ವ ಲಕ್ಷ್ಯ ಕೊಟ್ಟಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಳು. ಅಟ್ಟದ ಮೇಲಿನವರಿಗೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಅವರು ಜಾಗ ಬದಲಿಸುತ್ತಿದ್ದರು. ಬೈಸಿಕೊಳ್ಳಬೇಕಾದೀತೆಂಬ ಒಂದೇ ಕಾರಣಕ್ಕೆ ಸುಮ್ಮನಿದ್ದಳು.

ಮಂಗಳವಾರ ಮಧ್ಯಾಹ್ನ ಶಿದ್ರಾಮ ಬಂದ.

ಖಾಕಿ ಅಂಗಿ, ವಾರೆ ಟೋಪಿ, ಪಾಲಿಶ್ ಹಚ್ಚಿದ ಬೂಟು. ಹತ್ತು ದಿನದ ರಜೆಯಲ್ಲಿ ಕೌಜಲಗಿಯಲ್ಲಿದ್ದು, ಮರುದಿನ ರೈಲು ಹಿಡಿಯುವ ಮೊದಲು ಅಕ್ಕನನ್ನು ನೋಡಲು ಬಂದಿದ್ದ. ತೋಳಿನ ಕೆಳಗೆ ಒಂದು ಗಂಟು. ಅವಳು ಬಾಗಿಲಿಗೆ ಅಡ್ಡ ನಿಂತಳು. ಅತ್ತೆ ಒಳಗೆ ಕೂತು ನೋಡುತ್ತಿದ್ದಳು, ತಲೆಯ ಮೇಲೆ ಮೂವರು ಉಸಿರು ಬಿಗಿಹಿಡಿದಿದ್ದರು.

"ಈ ಅರಿವಿ ಹಾಕ್ಕೊಂಡು ನಮ್ಮ ಹೊಸ್ತಿಲಾ ದಾಟಬ್ಯಾಡ," ಅಂದಳು.

ಅವನು ಚೇಷ್ಟೆ ಎಂದು ನಕ್ಕ. ಅವಳ ಮುಖ ನೋಡಿದ ಮೇಲೆ ನಗು ಹೋಯಿತು. "ಅಕ್ಕಾ, ನಾಳೆ ಹೋಗ್ತೇನಿ. ಒಂದ ರೊಟ್ಟಿ ಉಂಡ ಹೋಗ್ತೇನಿ."

"ರೊಟ್ಟಿ ಇಲ್ಲ. ನೀರ ಕೊಡ್ತೇನಿ. ಹೊರಗ ಕುಂದ್ರು."

ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲಿಟ್ಟಳು. ಅವನು ಎತ್ತಿ ಕುಡಿಯುವಾಗ ಅಟ್ಟದ ಮೇಲೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು, ಬಾಯಿಗೆ ಬಟ್ಟೆ ತುರುಕಿಕೊಂಡರೂ ನಿಲ್ಲದ್ದು. ಶಿದ್ರಾಮ ತಲೆ ಎತ್ತಿ ಮೇವಿನ ಸಂದಿಯ ಕಡೆ ನೋಡಿದ. ಅಕ್ಕನ ಮುಖ ನೋಡಿದ. ಆಮೇಲೆ ಬೇಕೆಂದೇ ದೊಡ್ಡ ದನಿಯಲ್ಲಿ, ಬೀದಿಗೂ ಕೇಳುವ ಹಾಗೆ, ಬಾಳವ್ವನ ಸಾಲಿಯ ಬಗ್ಗೆ, ಕೌಜಲಗಿಯ ಹತ್ತಿಯ ಬಗ್ಗೆ, ತಾನು ತರಬೇತಿಗಿದ್ದ ಅಂಬಾಲೆಯ ಚಳಿಯ ಬಗ್ಗೆ ಏನೇನೋ ಮಾತಾಡುತ್ತ ಹೋದ. ಕೆಮ್ಮು ನಿಂತ ಮೇಲೆ ತಾನೂ ನಿಲ್ಲಿಸಿ ಎದ್ದ. ಗಂಟನ್ನು ಕಟ್ಟೆಯ ಮೇಲೆ ಬಿಟ್ಟ. ಅದರಲ್ಲಿ ಅವಳಿಗೊಂದು ಇಳಕಲ್ಲ ಸೀರೆ, ಬಾಳವ್ವನಿಗೆ ಒಂದು ಬರೆಯುವ ಪಾಟಿ ಇದ್ದವು.

"ಬರ್ತೇನಿ ಅಕ್ಕಾ."

ಅವನ ಬೆನ್ನು ಹುಣಸೆ ಮರಗಳ ತಿರುವಿನಲ್ಲಿ ಮರೆಯಾಗುವ ಮೊದಲೇ ಬಾಗಿಲು ಹಾಕಿದಳು.

ಬುಧವಾರ ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ಪೊಲೀಸರು ಬಂದರು. ಹನ್ನೆರಡು ಮಂದಿ. ಅಡುಗೆಮನೆ ನೋಡಲಿಲ್ಲ, ಹಿತ್ತಲು ನೋಡಲಿಲ್ಲ; ನೇರ ಏಣಿ ಇಟ್ಟು ಅಟ್ಟ ಹತ್ತಿದರು. ಮೂವರನ್ನೂ ಎಳೆದು ಕೆಳಗೆ ಕೆಡವಿದರು. ಕೈ ಕಟ್ಟಿಸಿಕೊಳ್ಳುತ್ತ ಗುಡ್ಡಪ್ಪ ಕೂಗಿದ: "ನಿನ್ನ ತಮ್ಮ ಹೇಳ್ಯಾನು! ನಿನ್ನೆ ಮ್ಯಾಲ ನೋಡಿದ್ದು ನಾ ಕಂಡೇನಿ!"

ಶಿವಗಂಗವ್ವ ಪೊಲೀಸರ ಸಾಲಿನ ಕೊನೆಯಲ್ಲಿ ನಿಂತವನನ್ನು ನೋಡಿದಳು. ದುಂಡವ್ವನ ಮಗ ಹನಮಂತ. ಅವನು ಅವಳ ಕಣ್ಣು ತಪ್ಪಿಸಿದ. ಆ ಕ್ಷಣಕ್ಕೇ ಅವಳಿಗೆ ಎಲ್ಲ ತಿಳಿಯಿತು.

ಅವರನ್ನು ಕರೆದೊಯ್ದ ಮೇಲೆ ಕಾಶೆವ್ವ ಅಂಗಳದಲ್ಲಿ ಕೂತು ಎದೆ ಬಡಿದುಕೊಂಡಳು. "ನಿನ್ನ ತವರಿನಂವ ನನ್ನ ಮಗನ್ನ ಹಿಡದ ಕೊಟ್ಟನಲ್ಲೇ! ಅಂವನ ಹೇಳಿದ್ದು, ಹೌದಲ್ಲೋ?"

ಸುತ್ತ ಇಡೀ ಓಣಿ ನೆರೆದಿತ್ತು. ಶಿವಗಂಗವ್ವ ನೆಲ ನೋಡಿದಳು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ.

"ಇರಬೇಕ್ರಿ," ಅಂದಳು.

ಎರಡು ದಿನ ಬಿಟ್ಟು ದುಂಡವ್ವ ಹಿತ್ತಲ ಬೇಲಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, "ನಾ ಸುಮ್ಮ ಮಗನ ಮುಂದ ಅಂದೆನವ್ವಾ, ಇಷ್ಟಾಗತೈತಂತ ತಿಳದಿರಲಿಲ್ಲ," ಎಂದು ಕಣ್ಣೀರು ತಂದುಕೊಂಡಳು. ಶಿವಗಂಗವ್ವ ಅವಳನ್ನು ಬೈಯಲಿಲ್ಲ. ಬೈದರೆ ತನ್ನ ಮಾತೂ ಹೊರಗೆ ಬರಬೇಕಲ್ಲ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯ್ದುಕೊಂಡು ಬಂದರು.

ಹುಕ್ಕೇರಿಯ ಲಾಕಪ್ಪಿನಲ್ಲಿ ಬಿದ್ದ ಏಟಿಗೆ ರಾಜಪ್ಪನ ಎಡಗಿವಿ ಶಾಶ್ವತವಾಗಿ ಹೋಯಿತು. ಮೂವರಿಗೂ ಹದಿನೆಂಟು ತಿಂಗಳ ಶಿಕ್ಷೆಯಾಗಿ ಹಿಂಡಲಗಾ ಜೇಲಿಗೆ ಹೋದರು. ಊರಲ್ಲಿ ಶಿದ್ರಾಮನಿಗೆ 'ಚಾಡಿ ಶಿದ್ರಾಮ' ಎಂದು ಹೆಸರಾಯಿತು. ಸುದ್ದಿ ಕೇಳಿ ಯಲ್ಲಪ್ಪ ಕೌಜಲಗಿಯಿಂದ ಬಂದಾಗ ಕಾಶೆವ್ವ ಅವನನ್ನು ಒಳಗೆ ಕರೆಯಲಿಲ್ಲ. ಮುದುಕ ಕಟ್ಟೆಯ ಮೇಲೆ ತುಸು ಹೊತ್ತು ಕೂತು ಮಗಳ ಮುಖ ನೋಡಿದ. ಮಗಳು ಬಾಯಿ ಬಿಡಲಿಲ್ಲ. ಎದ್ದು ಹೋದ, ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಿದ್ರಾಮನ ಕಾಗದ ಬಂತು. ಅವಳು ಅದನ್ನು ದನದ ಕೊಟ್ಟಿಗೆಯ ಹಿಂದೆ ನಿಂತು ಓದಿದಳು. ಅಪ್ಪನ ಪತ್ರದಿಂದ ಅವನಿಗೆ ಎಲ್ಲ ಗೊತ್ತಾಗಿತ್ತು. "ಅಕ್ಕಾ, ಅಂದು ನಾನು ಕೆಮ್ಮು ಕೇಳಿದ್ದು ಖರೆ. ಹೇಳಿದ್ದು ಸುಳ್ಳು. ಊರವರು ಏನಾದರೂ ಅನ್ನಲಿ. ನೀನು ನಂಬಿಲ್ಲ ಎಂದು ಒಂದು ಸಾಲು ಬರೆ. ಅಷ್ಟು ಸಾಕು."

ಬಾಳವ್ವನ ವಹಿಯಿಂದ ಒಂದು ಹಾಳೆ ಹರಿದಳು. 'ತಮ್ಮಾ' ಎಂದು ಬರೆದಳು. ಮುಂದಿನ ಮಾತಿಗೆ ಹುಡುಕುತ್ತ ಕೂತಳು. ನಂಬಿಲ್ಲ ಎಂದು ಬರೆದರೆ ಅವನು ಅದನ್ನು ಅಪ್ಪನಿಗೆ ತಿಳಿಸುವನು, ಅಪ್ಪ ಎಲ್ಲರಿಗೂ ತೋರಿಸುವನು. ಹಾಗಾದರೆ ಹೇಳಿದವರು ಯಾರು ಎಂದು ಜನ ಕೇಳುವರು. ಕಾಶೆವ್ವ ಅವಳನ್ನು ಮಗಳ ಸಮೇತ ಹೊರಗೆ ಹಾಕುವಳು. ಜೇಲಿನಿಂದ ಬಂದ ಗಂಡ ಮುಖ ನೋಡಲಾರ. ಇಷ್ಟೆಲ್ಲ ಯೋಚಿಸಿ ಆ ಹಾಳೆಯನ್ನು ಒಲೆಗೆ ಹಾಕಿದಳು. ನಾಳೆ ಬರೆದರಾಯಿತು ಅಂದುಕೊಂಡಳು. ಆ ನಾಳೆ ಬರಲಿಲ್ಲ. ಬೇಸಿಗೆಯಲ್ಲಿ ಮತ್ತೊಂದು ಕಾಗದ ಬಂತು: ಕ್ಷೇಮ, ಮಳೆ, ಊಟದಲ್ಲಿ ಬರಿ ಅನ್ನ, ಬಾಳವ್ವ ಯಾವ ಇಯತ್ತೆ? ಹಳೆಯ ಮಾತು ಅದರಲ್ಲಿ ಇರಲಿಲ್ಲ. ಅದಕ್ಕೂ ಅವಳು ಬರೆಯಲಿಲ್ಲ. ಮೂರನೆಯದು ಬರಲಿಲ್ಲ.

ನಲವತ್ತನಾಲ್ಕರ ಏಪ್ರಿಲ್‌ನಲ್ಲಿ ಯಲ್ಲಪ್ಪನಿಗೆ ಸರಕಾರದ ತಂತಿ ಬಂತು: ಬರ್ಮಾದ ಗಡಿಯಾಚೆ ಹೋದ ವಿಮಾನ ತಿರುಗಿ ಬಂದಿಲ್ಲ, ಮಗನ ಪತ್ತೆ ಇಲ್ಲ. ಅದೇ ಮೇ ತಿಂಗಳಲ್ಲಿ ಮುರಿಗೆಪ್ಪ ಬಿಡುಗಡೆಯಾಗಿ ಬಂದ. ಜನ ಹಲಗೆ ಬಾರಿಸಿ ಊರೊಳಗೆ ಕರೆತಂದರು. ಶಿವಗಂಗವ್ವ ಬಾಗಿಲಲ್ಲಿ ಆರತಿ ಹಿಡಿದು ನಿಂತಳು. ಗಂಡನ ಮುಖಕ್ಕೆ ಕಣ್ಣೆತ್ತದೆ ಬೆಳಗುವುದನ್ನು ನೋಡಿ ಹೆಂಗಸರು, ನಾಚುತ್ತಾಳೆ ಎಂದರು.

ಒಂದೂವರೆ ವರ್ಷ ಪತ್ತೆಯಿಲ್ಲದೆ ಹೋಯಿತು. ಯುದ್ಧ ಮುಗಿದ ವರ್ಷದ ಡಿಸೆಂಬರಿನಲ್ಲಿ ಮೂಡಲಗಿಯ ಭೀಮರಾಯ ಎಂಬ ಸಿಪಾಯಿ ಹುಣಸಿಗಟ್ಟಿಯನ್ನು ಕೇಳಿಕೊಂಡು ಬಂದ. ಕುರುಬರ ಮನೆಯ ಹುಡುಗ, ಶಿದ್ರಾಮನ ವಯಸ್ಸಿನವನೇ. ಮೈಯಲ್ಲಿ ಮಾಂಸ ಇನ್ನೂ ತುಂಬಿರಲಿಲ್ಲ. ಮುರಿಗೆಪ್ಪ ಹುಕ್ಕೇರಿಗೆ ಹೋಗಿದ್ದ. ಭೀಮರಾಯ ಟೋಪಿ ತೆಗೆದು ಕಟ್ಟೆಯ ಮೇಲೆ, ಅಂದು ಶಿದ್ರಾಮ ಕೂತಿದ್ದ ಕಡೆಯೇ ಕೂತ.

"ಮೊದಲ ಕೌಜಲಗಿಗಿ ಹೋಗಿ ಅಪ್ಪಾರಿಗಿ ಹೇಳಿ ಬಂದೇನ್ರಿ. ಅಂವ ಯಾವಾಗ್ಲೂ ಅಕ್ಕನ ಸುದ್ದಿ ಹೇಳ್ತಿದ್ದ. ಅದಕ್ಕ ನಿಮ್ಮಲ್ಲಿಗೂ ಬಂದ್ನಿ."

ಅವನು ಹೇಳಿದ್ದು ಇಷ್ಟು. ವಿಮಾನಕ್ಕೆ ಗುಂಡು ಬಿದ್ದು ಕಾಡಿನಲ್ಲಿ ಇಳಿಯಿತು. ಮುಂದೆ ಕೂತು ನಡೆಸುತ್ತಿದ್ದವ ಅಲ್ಲೇ ಸತ್ತ. ಹಿಂದೆ ವಾಯರ್‌ಲೆಸ್ ಹಿಡಿದು ಕೂತಿದ್ದ ಶಿದ್ರಾಮ ಸುಟ್ಟ ಕಾಲು ಎಳೆಯುತ್ತ ಎರಡು ದಿನ ನಡೆದು ಜಪಾನಿಯರ ಕೈಗೆ ಸಿಕ್ಕ. ಅವನನ್ನು ರಂಗೂನಿನ ಜೇಲಿಗೆ ಹಾಕಿದರು. ಭೀಮರಾಯ ಮೊದಲೇ ಸೆರೆಸಿಕ್ಕು ಅಲ್ಲಿದ್ದ. ಅಷ್ಟು ಜನರ ನಡುವೆ ಕನ್ನಡ ಬಲ್ಲವರು ಅವರಿಬ್ಬರೇ.

"ನಮ್ಮವರು ಕೆಲವರು ಜಪಾನಿನವರ ಕೂಡ ನಿಂತ ಸೇನಾ ಸೇರಿದ್ರು. ದೇಶಕ್ಕಂತ ಹೋದ್ರು, ನಾ ಅವರಿಗಿ ಏನೂ ಅನ್ನೂದಿಲ್ಲ. ಶಿದ್ರಾಮಗೂ ಕರದ್ರು. ಹೋಗಿದ್ರ ಅನ್ನಾನಾರ ಸಿಗತಿತ್ತು. ಅಂವ ಒಲ್ಲೆ ಅಂದ. ಯಾಕೋ ಅಂತ ಕೇಳಿದ್ನಿ. 'ಮನ್ಯಾಗ ನನ್ನನ್ನ ಚಾಡಿಕೋರ ಅಂದಾರು, ಈಗ ನಾ ಹೊಳ್ಳಿ ನಿಂತ್ರ ಅದ ಖರೆ ಅಕ್ಕೈತಿ' ಅಂದ."

ಒಳಗಿನಿಂದ ಕಾಶೆವ್ವ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಭೀಮರಾಯ ಮುಂದುವರಿಸಿದ. ಮಳೆಗಾಲದಲ್ಲಿ ಶಿದ್ರಾಮನ ಕಾಲು ಬಾತುಕೊಂಡವು; ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಕೈದಿಗಳನ್ನು ತಪಾಸು ಮಾಡುವಾಗಲೆಲ್ಲ ಕೊರಳ ಲಿಂಗವನ್ನು ಬಾಯಲ್ಲಿ ಇಟ್ಟುಕೊಂಡು ಕಾಪಾಡಿದ್ದ. ದೀಪಾವಳಿಯಾಗಿ ಹದಿನೈದು ದಿನಕ್ಕೆ, ಒಂದು ಮಧ್ಯಾಹ್ನ, ಭೀಮರಾಯನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟ. ಇಪ್ಪತ್ತಮೂರು ವರ್ಷ.

"ನಾವು ಕುರುಬರು ಖರೆ, ಆದ್ರ ಮೂಡಲಗ್ಯಾಗ ನೋಡೇನಲ್ರಿ, ನಿಮ್ಮವರನ್ನ ಹೆಂಗ ಮಣ್ಣ ಮಾಡ್ತಾರಂತ. ಎಡಗೈಯಾಗ ಲಿಂಗ ಇಟ್ಟ ಬೆರಳ ಮುಚ್ಚಿದ್ನಿ. ಕುಂದ್ರಸಾಕ ಆಗಲಿಲ್ರಿ, ಕಾವಲಿನವರು ಬಿಡಲಿಲ್ಲ. ಮಲಗಿಸೇ ಮುಚ್ಚಿದ್ವಿ. ಅದೊಂದು ತಪ್ಪಾತು."

ಶಿವಗಂಗವ್ವ ಕಂಬ ಹಿಡಿದು ಕೂತಿದ್ದಳು. ಭೀಮರಾಯ ಅವಳ ಕಡೆ ತಿರುಗಿ, ಸಮಾಧಾನ ಹೇಳುವವನ ಹಾಗೆ ದನಿ ಇಳಿಸಿದ.

"ಅಕ್ಕಾರ, ನೀವು ಬರದ ಕಾಗದ ಅಂವಗ ಮುಟ್ಟಲೇ ಇಲ್ರಿ. 'ಅಕ್ಕ ಬರದಿರತಾಳು, ನನ್ನ ಬದಲಿ ಮಾಡಿದ್ರಲ್ಲ, ಅದಕ್ಕ ದಾರ್‍ಯಾಗ ಕಳದಿರಬೇಕು' ಅಂತಿದ್ದ. ಸಾಯೂ ಹೊತ್ತಿನ್ಯಾಗೂ ಅದನ್ನ ಅಂದ. ಏನ ಬರದಿದ್ರಿ ಅಕ್ಕಾರ?"

ಇದಕ್ಕಿಂತ ಮುಖಕ್ಕೆ ಉಗುಳಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಆ ಹುಡುಗನ ಕಣ್ಣಲ್ಲಿ ಸಂಶಯದ ಸುಳಿವಿರಲಿಲ್ಲ. ಶಿವಗಂಗವ್ವ ಬಾಯಿ ತೆರೆದಳು. ಬಂದದ್ದು ಸುಳ್ಳು.

"ರೊಟ್ಟಿ ಉಣ್ಣಾಕ ಬಾರಪಾ ಅಂತ ಬರದಿದ್ದೆ," ಅಂದಳು. "ನಿನ್ನ ನಂಬೇನಿ ಅಂತ ಬರದಿದ್ದೆ."

ಭೀಮರಾಯ ತಲೆಯಾಡಿಸಿ ಕಣ್ಣು ಒರೆಸಿಕೊಂಡ. ಕಾಶೆವ್ವ ಅವನನ್ನು ಒಳಗೆ ಕರೆದು ತಾನೇ ಬಡಿಸಿದಳು. ಅವನು ಹೋದ ಮೇಲೆ ಸೊಸೆಯ ಕಡೆ ತಿರುಗಿ, "ಹಂಗಾರ ಹೇಳಿದವರು ಯಾರಿರಬೇಕ?" ಅಂದಳು. ಶಿವಗಂಗವ್ವ ಎಂಜಲು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಾಶೆವ್ವ ಮತ್ತೆ ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು.

ಯಲ್ಲಪ್ಪ ಕೌಜಲಗಿಯಲ್ಲಿ ಮಗನ ಹೆಸರಿನಲ್ಲಿ ಗಣಾರಾಧನೆ ಮಾಡಿ ಜಂಗಮರಿಗೆ ಉಣಬಡಿಸಿದ. ಮಗಳಿಗೂ ಹೇಳಿಕಳಿಸಿದ. ಹೋಗುವುದಿದ್ದರೆ ಹೋಗು, ನಾನು ಬರುವುದಿಲ್ಲ ಎಂದ ಮುರಿಗೆಪ್ಪ. ಅವಳು ಹೋಗಲಿಲ್ಲ. ಅಪ್ಪನ ಕಣ್ಣು ಎದುರಿಸುವ ಶಕ್ತಿ ಇರಲಿಲ್ಲ. ಊರವರು ಮಾತ್ರ, ದೇಶದ್ರೋಹಿಯ ಊಟಕ್ಕೆ ಅಕ್ಕನೂ ಹೋಗಲಿಲ್ಲ ನೋಡಿ ಎಂದು ಅವಳನ್ನು ಮೆಚ್ಚಿದರು.

ಆ ಮೆಚ್ಚಿಕೆ ತುತ್ತತುದಿಗೆ ಹೋದದ್ದು ಸ್ವಾತಂತ್ರ್ಯ ಬಂದ ದಿನ. ಸಾಲಿಯ ಮುಂದೆ ಬಾವುಟ ಏರಿತು. ಮೂವರಿಗೂ ಶಾಲು ಹೊದಿಸಿದರು. ಹುಕ್ಕೇರಿಯಿಂದ ಬಂದ ಭಾಷಣಕಾರರೊಬ್ಬರು ಹೆಂಗಸರ ಕಡೆ ಕೈ ತೋರಿಸಿ, "ಒಡಹುಟ್ಟಿದವನೇ ದ್ರೋಹ ಬಗೆದರೂ ತವರಿಗಿಂತ ತಾಯ್ನಾಡು ದೊಡ್ಡದೆಂದು ತಿಳಿದ ಮಹಾತಾಯಿ ಇಲ್ಲಿ ಕೂತಿದ್ದಾರೆ," ಎಂದು ಅವಳನ್ನು ಮುಂದೆ ಕರೆಸಿದರು. ಅವಳ ಕಾಲು ತಾವಾಗಿಯೇ ನಡೆದವು. ಕೊರಳು ಬಗ್ಗಿತು. ಹಾರ ಬಿತ್ತು. ಎಡಗಿವಿ ಹೋದ ರಾಜಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಗುಂಪಿನ ಹಿಂದೆ ದುಂಡವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡು ನಿಂತಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಶಿವಗಂಗವ್ವ ಕೌಜಲಗಿಗೆ ಹೋದಳು. ಅಪ್ಪ ಪಡಸಾಲೆಯಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಅವಳು ನಿಂತುಕೊಂಡೇ ಹೇಳಿದಳು.

"ಅಪ್ಪಾ, ಶಿದ್ರಾಮ ಹೇಳಿದ್ದಲ್ಲ. ಬಾವಿ ಮ್ಯಾಲ ನಾನ ಬಾಯಿ ಬಿಟ್ಟಿದ್ದೆ. ಗೊತ್ತಿದ್ದೂ ಅಂವನ ಮ್ಯಾಲ ಹಾಕಿದೆ."

ಹಗ್ಗ ಹೊಸೆಯುವ ಕೈ ನಿಲ್ಲಲಿಲ್ಲ. "ಅಂವ ಹೇಳ್ಯಾನಂತ ನಾ ಎಂದರ ನಂಬಿದ್ನೇನ? ನನಗ ಹೇಳಿ ಏನ ಮಾಡ್ತಿ? ನಂಬಿದವರ ಮುಂದ ಹೋಗಿ ಹೇಳು." ಆಮೇಲೆ ಕೇಳಿದ: "ಆ ಕಾಗದಾರ ಬರದಿದ್ಯೋ ಇಲ್ಲೋ? ಆ ಸಿಪಾಯಿ, ನೀ ಬರದಿದ್ದಿ, ಮುಟ್ಟಲಿಲ್ಲ ಅಂದ."

"ಬರದಿದ್ದಿಲ್ಲ."

ಆಗ ಕೈ ನಿಂತಿತು. ಮುದುಕ ಇಷ್ಟು ದಿನ ಅದೊಂದನ್ನು ಹಿಡಿದುಕೊಂಡು ಕೂತಿದ್ದ ಎಂಬುದು ಅವಳಿಗೆ ಅರ್ಥವಾದದ್ದು ಆಗಲೇ. ಅವನು ಎದ್ದು ಹೊಲದ ಕಡೆ ನಡೆದುಬಿಟ್ಟ. ಅವಳು ಕೊನೆಯ ಬಸ್ಸಿನ ಹೊತ್ತಿನವರೆಗೂ ಕಾದಳು. ಅವನು ಬರಲಿಲ್ಲ.

ಗಂಡನಿಗೆ ಹೇಳಿದಾಗ ಮುರಿಗೆಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. "ಮೂರ ವರ್ಷ ಎಲ್ಲಾ ಸಭಾದಾಗ ಅಂವನ ಹೆಸರ ನಾನ ತಗೊಂಡೇನಿ," ಅಂದ. "ನನ್ನ ಬಾಯಿಲೆ." ಆಮೇಲೆ, "ಸತ್ತಂವ ಸತ್ತ. ಈಗ ಹೇಳಿದ್ರ ನಾಕ ಮಂದ್ಯಾಗ ನಾ ಹೆಂಗ ತಲಿ ಎತ್ತಲಿ? ಸುಮ್ಮನಿರು."

"ಐದ ವರ್ಷ ಸುಮ್ಮನ ಇದ್ನೆಲ್ರಿ," ಅಂದಳು ಅವಳು.

ಮೊದಲು ರಾಜಪ್ಪನ ಮನೆಗೆ ಹೋದಳು. ಸಣ್ಣ ದನಿಯಲ್ಲಿ ಹೇಳಿ ಮುಗಿಸಬೇಕೆಂದಿದ್ದಳು. ಅವನಿಗೆ ಕೇಳಿಸಲಿಲ್ಲ. "ಏನಂದಿ? ಜೋರ ಅನ್ನು," ಎಂದು ಬಲಗಿವಿ ಮುಂದೆ ಮಾಡಿದ. ಹೀಗಾಗಿ ಅವಳು ತನ್ನ ತಪ್ಪನ್ನು ಕೂಗಿ ಹೇಳಬೇಕಾಯಿತು, ಅದೂ ಎರಡು ಸಲ. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಹೊರಗೆ ಬಂದು ನಿಂತರು. ರಾಜಪ್ಪ ಕಿವಿಯನ್ನು ಅಂಗೈಯಿಂದ ತಿಕ್ಕಿಕೊಂಡ. "ಹೋಗು ಮನಿಗಿ," ಅಂದ. ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಗುಡ್ಡಪ್ಪ ಕೇಳಿಸಿಕೊಂಡು, ಅವಳು ನಿಂತಿರುವಂತೆಯೇ ಬಾಗಿಲು ಹಾಕಿದ. ಮುಂದೆಂದೂ ಅವಳ ಮನೆಯ ನೀರು ಮುಟ್ಟಲಿಲ್ಲ. ಮುರಿಗೆಪ್ಪ ಅವಳ ಜೊತೆ ಮೂರು ತಿಂಗಳು ಮಾತು ಬಿಟ್ಟ. ಊರಲ್ಲಿ ಕೆಲವರು ನಂಬಿದರು. ಕೆಲವರು, ತವರಿನ ಮೋಹಕ್ಕೆ ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಎಂದರು. ಅದನ್ನು ಕೇಳಿದಾಗ ಅವಳಿಗೆ ಮತ್ತೂ ನಾಚಿಕೆಯಾಯಿತು, ಹೇಳಿದ ಮೇಲೂ ಜನ ತನ್ನನ್ನು ಒಳ್ಳೆಯವಳಾಗಿಯೇ ಮಾಡುತ್ತಿದ್ದಾರಲ್ಲ ಎಂದು.

ಆ ಕಾರ್ತಿಕದಲ್ಲಿ, ಭೀಮರಾಯ ಹೇಳಿದ ದಿನಕ್ಕೆ ಸರಿಯಾಗಿ, ಅವಳು ತನ್ನ ಮನೆಯಲ್ಲಿ ಶಿದ್ರಾಮನ ಹೆಸರಿನಲ್ಲಿ ಉಣಬಡಿಸುವೆನೆಂದು ಮನೆಮನೆಗೆ ಹೋಗಿ ಹೇಳಿಬಂದಳು. ಕರೆಯುವಾಗ ಯಾವ ಶಿದ್ರಾಮ ಎಂದು ಒಬ್ಬರೂ ಕೇಳಲಿಲ್ಲ. ಗಂಡನನ್ನು ಅವಳು ಕೇಳಿರಲಿಲ್ಲ, ತಿಳಿಸಿದ್ದಳು. ಅವನು ಬೆಳಿಗ್ಗೆಯೇ ಹೊಲಕ್ಕೆ ಹೋದ. ರೊಟ್ಟಿ ಬಡಿಯಲು ಕರೆಯದೆ ಬಂದು ಕೂತವಳು ದುಂಡವ್ವ. ಒಬ್ಬಳು ಬಡಿದಳು, ಒಬ್ಬಳು ಬೇಯಿಸಿದಳು. ಅರ್ಧ ರೊಟ್ಟಿಗಳಾದ ಮೇಲೆ ದುಂಡವ್ವ, "ನಂದೂ ಪಾಲೈತಿ, ಅದನ್ನೂ ಹೇಳಿಬಿಡು," ಅಂದಳು. "ನಿಂದ ನೀ ಹೇಳಕೋ," ಅಂದಳು ಶಿವಗಂಗವ್ವ.

ಇಬ್ಬರು ಜಂಗಮರು, ಹನ್ನೊಂದು ಮಂದಿ ಊರವರು ಬಂದರು. ಊರಿನಲ್ಲಿ ಅರವತ್ತು ಮನೆಗಳು. ರಾಜಪ್ಪ ಬಂದು ಮೂಲೆಯಲ್ಲಿ ಕೂತ. ಇನ್ನೇನು ಬಡಿಸಬೇಕು ಎನ್ನುವಾಗ ಮುರಿಗೆಪ್ಪ ಹೊಲದಿಂದ ಬಂದ. ಕೈಕಾಲು ತೊಳೆದು, ಯಾರ ಮುಖವನ್ನೂ ನೋಡದೆ ಸಾಲಿನಲ್ಲಿ ಕೂತ. ಅವನ ಹಿಂದೆಯೇ, ಹತ್ತರಗಿಯಿಂದ ನಡೆದು ದಣಿದ ಯಲ್ಲಪ್ಪ ಅಂಗಳದಲ್ಲಿ ನಿಂತಿದ್ದ. ಹೇಳಿಕಳಿಸಿದ್ದಳಾದರೂ ಬಂದಾನೆಂದು ಅವಳು ಎಣಿಸಿರಲಿಲ್ಲ. ನೀರು ಕೊಟ್ಟಳು. ಅಪ್ಪ ಕಾಲು ತೊಳೆದು ಒಳಗೆ ಬಂದು ಅಳಿಯನ ಬಾಜೂ ಕೂತ.

ಉಂಡೆದ್ದವರಲ್ಲಿ ಒಬ್ಬಾತ ಹೋಗುವಾಗ, "ದೊಡ್ಡ ಧೈರ್ಯಾ ಮಾಡಿದಿ ಅವ್ವಾ," ಎಂದ.

"ಧೈರ್ಯಾ ಅನ್ನಬ್ಯಾಡ್ರಿ," ಅಂದಳು ಅವಳು. ಈ ಸಲ ಎದ್ದು ಒಳಗೆ ಹೋಗಲಿಲ್ಲ. "ಅಂವ ಇದ್ದಾಗ ಹೇಳಿದ್ರ ಧೈರ್ಯಾ ಅಕ್ಕಿತ್ತು."

ಎಲ್ಲರೂ ಹೋದ ಮೇಲೆ ಯಲ್ಲಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ಮಗಳನ್ನು ನೋಡಿದ. "ನಿನ್ನ ಮ್ಯಾಲಿನ ಸಿಟ್ಟ ಹೋಗಿಲ್ಲ. ಹೋಗೂದೂ ಇಲ್ಲ, ತಿಳಕೋ," ಅಂದ. ಅವಳು ತಲೆಯಾಡಿಸಿದಳು. ಅವನು ಎರಡು ಹೆಜ್ಜೆ ಇಳಿದು ನಿಂತ.

"ಮುಂದಿನ ವರ್ಷ ಮಾಡೂದಿದ್ರ ಎಂಟ ದಿವಸ ಮೊದಲ ಹೇಳಿ ಕಳಸು. ಹಿಂಡಿಗಿ ಮೆಣಸಿನಕಾಯಿ ನಾ ತರ್ತೇನಿ. ಇಲ್ಲಿವು ಖಾರ ಇಲ್ಲ."

ಮುರಿಗೆಪ್ಪ ಚಕ್ಕಡಿ ಹೂಡಿದ. ಮಾವ, ಅಳಿಯ ಇಬ್ಬರೂ ಹತ್ತರಗಿಯ ದಾರಿ ಹಿಡಿದರು. ಶಿವಗಂಗವ್ವ ಒಳಗೆ ಬಂದು, ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬಾರದೆ ಉಳಿದ ಮನೆಗಳಿಗೆ ಕೊಟ್ಟುಬರಲು ಹೊರಟಳು. ಕೆಲವರು ತೆಗೆದುಕೊಂಡರು.